ಮ್ಯೂಸಿಯಂನಲ್ಲಿ ನಿಂತ ಹಾರ್ವರ್ಡ್: ತಿಂಗಳಿಗೊಮ್ಮೆ ಎಂಜಿನ್ ಚಾಲೂ ಮಾಡಬೇಕಾ?

ಪ್ರಶ್ನೆ: ನಾನು ಒಂದು ಚಿಕ್ಕ ವಿಮಾನ ಮ್ಯೂಸಿಯಂನಲ್ಲಿ ಸ್ವಯಂಸೇವಕ. ನಮ್ಮಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ಹಾರ್ವರ್ಡ್ ತರಬೇತಿ ವಿಮಾನ ಇದೆ. ಆರು ವರ್ಷ ಕಷ್ಟಪಟ್ಟು ರಿಪೇರಿ ಮಾಡಿ, ಹಳದಿ ಬಣ್ಣ ಹೊಡೆದು, ಎರಡು ವರ್ಷದ ಹಿಂದೆ ಪ್ರದರ್ಶನಕ್ಕೆ ಇಟ್ಟೆವು. ಈಗಲೇ ರೆಕ್ಕೆಯ ತಗಡುಗಳನ್ನು ಹಿಡಿದಿಡುವ ರಿವೆಟ್ ಮೊಳೆಗಳ ಸಾಲಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಟೈರಿನ ಪಕ್ಕದಲ್ಲಿ ಬಿರುಕು ಬಿಟ್ಟಿದೆ. ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತದೆ. ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ತಿಂಗಳಿಗೊಮ್ಮೆ ಎಂಜಿನ್ ಚಾಲೂ ಮಾಡದಿದ್ದರೆ ಹಾಳಾಗುತ್ತದೆ ಅಂತ ಕೆಲವರು. ಬಣ್ಣ ಪೂರ್ತಿ ತೆಗೆದು ಲೋಹವನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡೋಣ ಅಂತ ಇನ್ನು ಕೆಲವರು. ಮಕ್ಕಳನ್ನು ಕಾಕ್‌ಪಿಟ್‌ನಲ್ಲಿ ಕೂರಿಸಿ ಫೋಟೊ ತೆಗೆಸುವ ಆಸೆಯೂ ಇದೆ. ಯಾವುದು ಸರಿ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಎಂಜಿನ್ ಚಾಲೂ ಮಾಡಬೇಡಿ. ಪಾಲಿಶ್ ಬೇಡವೇ ಬೇಡ. ಆ ಕಾಕ್‌ಪಿಟ್‌ನಲ್ಲಿ ಮಕ್ಕಳನ್ನು ಕೂರಿಸಬೇಡಿ. ಗುಳ್ಳೆ ಎದ್ದ ಜಾಗವನ್ನು ಇವತ್ತೇ ಕೆರೆಯಲು ಹೋಗಬೇಡಿ. ಎಲ್ಲಕ್ಕೂ ಬೇಡ ಅನ್ನುವ ಇವನು ಯಾರಪ್ಪಾ ಅನ್ನಿಸಬಹುದು. ನಾನು ಕಂಡ ಮಟ್ಟಿಗೆ, ಮ್ಯೂಸಿಯಂ ಸೇರಿದ ಮೇಲೆ ವಿಮಾನ ಕೆಡುವುದು ಎರಡರಿಂದ. ಒಂದು ನೀರು. ಇನ್ನೊಂದು ಪ್ರೀತಿ. ನೀರು ನಿಧಾನವಾಗಿ ಕೆಡಿಸುತ್ತದೆ. ಸುಮ್ನೆ ನಿಂತ ವಿಮಾನಕ್ಕೆ ಏನಾದರೂ ಮಾಡಲೇಬೇಕು ಅಂತ ತುರಿಸುವ ಕೈಗಳು ಒಂದೇ ಭಾನುವಾರದಲ್ಲಿ ಕೆಡಿಸುತ್ತವೆ.

ಹಾರ್ವರ್ಡ್‌ನ ಮೂಲ ಮಾದರಿ ಹಾರಿದ್ದು 1935ರಲ್ಲಿ. ಅಮೆರಿಕದ ನಾರ್ತ್ ಅಮೆರಿಕನ್ ಕಂಪನಿಯ ವಿನ್ಯಾಸ. ಅಮೆರಿಕದವರು ಇದನ್ನೇ ಟೆಕ್ಸನ್ ಎಂದರು, ಬ್ರಿಟನ್ ಮತ್ತು ಅದರ ಜೊತೆಗಿದ್ದ ದೇಶಗಳು ಹಾರ್ವರ್ಡ್ ಎಂದವು. ಎಲ್ಲ ಮಾದರಿಗಳೂ ಸೇರಿ 15,000ಕ್ಕಿಂತ ಜಾಸ್ತಿ ತಯಾರಾದವು. ಯುದ್ಧಕ್ಕೆ ಪೈಲಟ್‌ಗಳು ಬೇಕಿತ್ತು, ಅದಕ್ಕೆ ವಿಮಾನ ಬೇಕಿತ್ತು, ಅಷ್ಟೇ. ಎಂಬತ್ತು ವರ್ಷ ಬಾಳಲಿ ಅಂತ ಅದನ್ನು ಕಟ್ಟಿದವರು ಯಾರೂ ಲೆಕ್ಕ ಹಾಕಿರಲಿಲ್ಲ. ನೀವು ಬಣ್ಣ ಹೊಡೆದದ್ದು ಎರಡು ವರ್ಷದ ಹಿಂದೆ ಇರಬಹುದು. ಬಣ್ಣದ ಕೆಳಗಿನ ಲೋಹಕ್ಕೆ ಮಾತ್ರ ಅದರ ವಯಸ್ಸು ಹಾಗೇ ಇದೆ.

ಈಗ ಗಾಳಿಯ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಗುಳ್ಳೆಯ ಬೇರು ಬಹುಶಃ ಇಲ್ಲೇ ಇದೆ. ವಿಮಾನ ನಿಲ್ಲಿಸುವ ಶೆಡ್ಡು, ಅಂದರೆ ಹ್ಯಾಂಗರ್‌ಗೆ ಸೂರು ಇದೆ, ಮಳೆ ಬೀಳಲ್ಲ, ಹಾಗಾಗಿ ವಿಮಾನ ಒಣಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ರಾತ್ರಿ ಲೋಹ ತಣ್ಣಗಾಗುತ್ತದೆ. ಬೆಳಗ್ಗೆ ಬಾಗಿಲು ತೆರೆದಾಗ ಹೊರಗಿನ ಬೆಚ್ಚನೆಯ ಗಾಳಿ ನುಗ್ಗುತ್ತದೆ. ಆ ಗಾಳಿ 25 ಡಿಗ್ರಿ ಇದ್ದು, ಅದರ ತೇವಾಂಶ ಶೇ 60 ಇದೆ ಅನ್ನಿ. ಲೋಹ ಸುಮಾರು 16 ಡಿಗ್ರಿಗೆ ಇಳಿದಿದ್ದರೆ ಸಾಕು, ಅದರ ಮೇಲೆ ಇಬ್ಬನಿ ಕೂರುತ್ತದೆ. ಕಣ್ಣಿಗೆ ಕಾಣುವ ಕಡೆ ಅದು ಒಂದು ಗಂಟೆಯಲ್ಲಿ ಆರಿಹೋಗುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲಿ, ರಿವೆಟ್ ತಲೆಯ ಕೆಳಗೆ, ಬಾಲದ ಕಡೆಯ ಕತ್ತಲೆ ಮೂಲೆಯಲ್ಲಿ ಆರುವುದಿಲ್ಲ. ವರ್ಷಕ್ಕೆ ಇಂಥ ಬೆಳಗ್ಗೆ ಎಷ್ಟು ಬರುತ್ತವೆ, ಲೆಕ್ಕ ಹಾಕಿ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಪಾಲಿಶ್ ಡಬ್ಬಿ ಅಲ್ಲ, ತೇವಾಂಶ ಮತ್ತು ಉಷ್ಣತೆ ಎರಡನ್ನೂ ದಾಖಲಿಸುವ ಚಿಕ್ಕ ಲಾಗರ್. ಮೂರು ತೆಗೆದುಕೊಳ್ಳಿ. ಒಂದನ್ನು ಹ್ಯಾಂಗರ್ ಗೋಡೆಗೆ, ಒಂದನ್ನು ಕಾಕ್‌ಪಿಟ್ ಒಳಗೆ, ಒಂದನ್ನು ಬಾಲದ ಒಳಗೆ ಇಡಿ. ಗೋಡೆಯ ಮೇಲಿನದು ಶೇ 50 ತೋರಿಸುವಾಗ ಬಾಲದ ಒಳಗಿನದು 75 ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಬರೀ ಲೋಹ ಆಗಿದ್ದರೆ ಗಾಳಿ ಎಷ್ಟು ಒಣಗಿದ್ದರೂ ನಡೆಯುತ್ತಿತ್ತು. ಆದರೆ ನಿಮ್ಮ ವಿಮಾನದಲ್ಲಿ ಬಟ್ಟೆ, ರಬ್ಬರ್, ಚರ್ಮ ಕೂಡ ಇವೆ. ಅವು ತೀರಾ ಒಣಗಾಳಿಯಲ್ಲಿ ಬಿರುಸಾಗುತ್ತವೆ. ಶೇ 45ರಿಂದ 50ರ ಆಸುಪಾಸು ಎಲ್ಲರಿಗೂ ಒಪ್ಪಿಗೆಯಾಗುವ ರಾಜಿ. ಅದಕ್ಕಿಂತ ಮುಖ್ಯ, ಅದು ದಿನಾ ಏರಿಳಿಯಬಾರದು. ಹ್ಯಾಂಗರ್ ಪೂರ್ತಿ ಎಸಿ ಮಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಗಾಳಿಯಿಂದ ತೇವ ಹೀರುವ ಡಿಹ್ಯುಮಿಡಿಫೈಯರ್ ಎರಡು ಇಟ್ಟು, ದೊಡ್ಡ ಬಾಗಿಲನ್ನು ಬೆಳಗ್ಗೆ ಸ್ವಲ್ಪ ತಡವಾಗಿ ತೆರೆದರೂ ಅರ್ಧ ಕೆಲಸ ಆಗುತ್ತದೆ. ವಿಮಾನದ ಹೊಟ್ಟೆಯ ಕೆಳಗೆ ನೀರು ಇಳಿದುಹೋಗಲಿ ಅಂತ ಮಾಡಿದ ಸಣ್ಣ ತೂತುಗಳಿರುತ್ತವೆ. ಅವು ಬಣ್ಣದಿಂದಲೋ ಮಣ್ಣಿನಿಂದಲೋ ಮುಚ್ಚಿವೆಯಾ ನೋಡಿ. ರಿಪೇರಿ ಮಾಡಿದ ವಿಮಾನಗಳಲ್ಲಿ ಹೊಸ ಬಣ್ಣವೇ ಅವನ್ನು ಮುಚ್ಚಿರುವುದು ತುಂಬಾ ಸಾಮಾನ್ಯ.

ಈಗ ಗುಳ್ಳೆಗೆ ಬರೋಣ. ಈ ವಿಮಾನದ ತಗಡು ಶುದ್ಧ ಅಲ್ಯೂಮಿನಿಯಂ ಅಲ್ಲ. ಸುಮಾರು ಶೇ 4 ತಾಮ್ರ ಬೆರೆಸಿದ ಮಿಶ್ರಲೋಹ. ತಾಮ್ರ ಸೇರಿದ್ದರಿಂದ ಬಲ ಬಂತು, ಅದೇ ತಾಮ್ರದಿಂದ ತುಕ್ಕಿನ ಹಾಗೆ ಬೇಗ ಕೊರೆದುಹೋಗುವ ಗುಣವೂ ಬಂತು. ಕಬ್ಬಿಣದ ತುಕ್ಕು ಕೆಂಪಗೆ ಕಂಡು ತಾನೇ ಕೂಗಿ ಹೇಳುತ್ತದೆ. ಅಲ್ಯೂಮಿನಿಯಂ ಕೊರೆತ ಹಾಗಲ್ಲ. ಬಿಳಿ ಪುಡಿ ಆಗುತ್ತದೆ, ಆ ಪುಡಿ ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಬಣ್ಣವನ್ನು ಎತ್ತುತ್ತದೆ. ಕೆಲವೊಮ್ಮೆ ಬಣ್ಣದ ಕೆಳಗೆ ಎರೆಹುಳು ಹರಿದ ಗುರುತಿನ ಹಾಗೆ ಗೆರೆ ಗೆರೆಯಾಗಿ ಸಾಗುತ್ತದೆ. ಇದು ಬಣ್ಣದ ಮಟ್ಟದ ತೊಂದರೆ, ಗಾಬರಿ ಬೇಡ. ಗಾಬರಿ ಆಗಬೇಕಾದದ್ದು ಬೇರೆ ಒಂದಿದೆ. ಟಾರ್ಚನ್ನು ತಗಡಿಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ. ಎರಡು ರಿವೆಟ್‌ಗಳ ನಡುವೆ ತಗಡೇ ದಿಂಬಿನ ಹಾಗೆ ಉಬ್ಬಿದೆಯಾ? ಹಾಗಿದ್ದರೆ ಕೊರೆತ ಮೇಲೆ ಇಲ್ಲ, ಎರಡು ತಗಡಿನ ನಡುವೆ ಇದೆ. ಅಲ್ಲಿ ಪುಡಿ ತುಂಬಿ ಜೋಡಣೆಯನ್ನೇ ಬಿಚ್ಚುತ್ತಿದೆ. ಮೇಲಿಂದ ಎಷ್ಟು ಕೆರೆದರೂ ಅದು ನಿಲ್ಲುವುದಿಲ್ಲ. ರಿವೆಟ್ ತೆಗೆದೇ ನೋಡಬೇಕು, ಅದಕ್ಕೆ ತಿಳಿದವರು ಬೇಕು.

ಹಾರ್ವರ್ಡ್‌ನಲ್ಲಿ ನಾನು ಮೊದಲು ಕಣ್ಣು ಹಾಯಿಸುವ ಜಾಗ ರೆಕ್ಕೆ ಸೇರುವ ಕೀಲು. ಹೊರರೆಕ್ಕೆಯನ್ನು ನಡುಭಾಗಕ್ಕೆ ಉದ್ದಕ್ಕೂ ಬೋಲ್ಟ್ ಸಾಲಿನಿಂದ ಜೋಡಿಸಿರುತ್ತಾರೆ, ಮೇಲೆ ಒಂದು ಪಟ್ಟಿ ಮುಚ್ಚಿರುತ್ತದೆ. ನೋಡಲು ಚೆಂದ, ಆದರೆ ಆ ಪಟ್ಟಿಯ ಕೆಳಗೆ ದೂಳು, ನೀರು, ಹಳೆ ಗ್ರೀಸು ಎಲ್ಲ ಸೇರಿ ಕೂತಿರುತ್ತವೆ. ಅಲ್ಯೂಮಿನಿಯಂ ಮತ್ತು ಉಕ್ಕು ಅಲ್ಲಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಎರಡು ಬೇರೆ ಲೋಹ, ನಡುವೆ ಸ್ವಲ್ಪ ತೇವ, ಅಷ್ಟಿದ್ದರೆ ಬ್ಯಾಟರಿ ತಯಾರು. ಸೋಲುವುದು ಯಾವಾಗಲೂ ಅಲ್ಯೂಮಿನಿಯಂ. ವರ್ಷಕ್ಕೊಮ್ಮೆ ಆ ಪಟ್ಟಿ ತೆಗೆದು ನೋಡಿ, ಒರೆಸಿ, ಒಣಗಿಸಿ, ಮತ್ತೆ ಹಾಕಿ. ಹಾಗೆಯೇ ವಿಮಾನದ ಮುಂಭಾಗದ ಒಳಗೆ ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಚೌಕಟ್ಟಿದೆ. ಪಕ್ಕದ ಹಲಗೆಗಳನ್ನು ಬಿಚ್ಚಿದರೆ ಕಾಣುತ್ತದೆ. ಕೊಳವೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹಾಗಾಗಿ ಕೆಳಗಿನ ಕೊಳವೆಗಳ ಅತಿ ತಗ್ಗಿನ ಜಾಗವನ್ನೇ ನೋಡಿ.

ಎರಡೇ ವರ್ಷದಲ್ಲಿ ಗುಳ್ಳೆ ಎದ್ದಿದೆ ಅಂದರೆ ಬಣ್ಣಕ್ಕೆ ಮುಂಚಿನ ಕೆಲಸದಲ್ಲಿ ಏನೋ ಉಳಿದಿತ್ತು. ಹಳೆ ಕೊರೆತ ಪೂರ್ತಿ ತೆಗೆದಿರಲಿಲ್ಲವೋ, ನಲ್ಲಿ ನೀರಲ್ಲಿ ತೊಳೆದು ಉಪ್ಪಿನ ಅಂಶ ಸಂದಿಯಲ್ಲಿ ಉಳಿಯಿತೋ, ಅಥವಾ ಉಕ್ಕಿನ ನಾರಿನಲ್ಲಿ ಉಜ್ಜಿದ್ದರೋ. ಈ ಕೊನೆಯದನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರೆಕ್ಕೆಯ ತುದಿಯನ್ನು ಎರಡು ದಿನ ಉಕ್ಕಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಫಳಫಳ ಮಾಡಿದೆ. ಶಭಾಷ್ ಅನ್ನಿಸಿಕೊಂಡೆ. ಕಣ್ಣಿಗೆ ಕಾಣದ ಉಕ್ಕಿನ ಚೂರುಗಳು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಹೂತುಕೊಂಡಿದ್ದವು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಆ ರೆಕ್ಕೆಗೆ ಸಿಡುಬು ಬಂದ ಹಾಗಿತ್ತು. ಪ್ರತಿ ಚೂರಿನ ಸುತ್ತ ಒಂದು ಗುಂಡಿ.

ಗುಳ್ಳೆ ಮೇಲ್ಮಟ್ಟದ್ದು ಅಂತ ಖಚಿತವಾದರೆ ಒಂದೇ ಒಂದು ಚಿಕ್ಕ ಜಾಗ ತೆರೆದು ನೋಡಿ. ನೈಲಾನ್ ಅಥವಾ ಮರದ ಕಡ್ಡಿಯಿಂದ ಪುಡಿ ತೆಗೆಯಿರಿ, ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿಸಿ, ಪ್ರೈಮರ್ ಹಚ್ಚಿ, ಅಷ್ಟಕ್ಕೆ ಮಾತ್ರ ಬಣ್ಣ ಮುಟ್ಟಿಸಿ. ಒಂದು ಎಚ್ಚರಿಕೆ. ಕೆಳಗೆ ಹಸಿರು ಮಿಶ್ರಿತ ಹಳದಿ ಪ್ರೈಮರ್ ಕಂಡರೆ ಅದು ಜಿಂಕ್ ಕ್ರೋಮೇಟ್ ಇರಬಹುದು. ಅದರ ದೂಳು ಕ್ಯಾನ್ಸರ್ ತರುವಂಥದ್ದು. ಒಣಗಿದ್ದಾಗ ಅದನ್ನು ಉಜ್ಜಲೇಬೇಡಿ. ಕೆರೆಯುವಾಗ ಹೊಸ ಬಣ್ಣದ ಕೆಳಗೆ ಯುದ್ಧಕಾಲದ ಬಣ್ಣದ ಪದರ ಸಿಕ್ಕಿತು ಅನ್ನಿ, ಅಲ್ಲಿಗೆ ಕೈ ನಿಲ್ಲಿಸಿ. ಅಂಗೈಯಗಲದ ಆ ತುಂಡು ನಿಮ್ಮ ಇಡೀ ಹೊಸ ಹಳದಿಗಿಂತ ಬೆಲೆ ಬಾಳುತ್ತದೆ. ಅದನ್ನು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟಿನಿಂದ ತೆಳ್ಳಗೆ ಕಟ್ಟಿ ಹಾಕಬಹುದು. ಬೇಕಾದಾಗ ಅಸಿಟೋನ್‌ನಲ್ಲಿ ಕರಗಿಸಿ ತೆಗೆಯಲೂಬಹುದು. ಮ್ಯೂಸಿಯಂ ಕೆಲಸದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಹಾಕಿದ್ದನ್ನು ನಾಳೆ ವಾಪಸ್ ತೆಗೆಯಲು ಆಗುತ್ತದಾ?

ಉಪ್ಪು ಎಷ್ಟು ಹಟಮಾರಿ ಅಂತ ತಿಳಿಯಬೇಕಾದರೆ ಡೋರ್ನಿಯರ್ 17 ಕಥೆ ನೋಡಿ. ಅದು ಜರ್ಮನ್ ಬಾಂಬರ್. 1940ರಲ್ಲಿ ಇಂಗ್ಲಿಷ್ ಕಾಲುವೆಯ ಗುಡ್‌ವಿನ್ ಮರಳದಿಣ್ಣೆಯ ಬಳಿ ಬಿದ್ದದ್ದು. 2013ರಲ್ಲಿ ಮೇಲೆತ್ತಿ ಬ್ರಿಟನ್ನಿನ ಕಾಸ್‌ಫರ್ಡ್‌ನಲ್ಲಿರುವ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂಗೆ ತಂದರು. ಅಲ್ಲಿ ಪ್ಲಾಸ್ಟಿಕ್ ಸುರಂಗದಂಥ ಗೂಡಿನಲ್ಲಿಟ್ಟು, ತುಂಬಾ ತೆಳ್ಳಗೆ ಮಾಡಿದ ಸಿಟ್ರಿಕ್ ಆಮ್ಲದ ನೀರನ್ನು ಅದರ ಮೇಲೆ ಎಷ್ಟೋ ತಿಂಗಳು ಸಿಂಪಡಿಸಿದರು. ಸಮುದ್ರದ ಉಪ್ಪಿನ ಕ್ಲೋರೈಡ್ ಹೊರಗೆ ಬರುವ ತನಕ ಬೇರೆ ಕೆಲಸಕ್ಕೆ ಅರ್ಥವೇ ಇರಲಿಲ್ಲ. ನಿಮ್ಮದು ಸಮುದ್ರದಲ್ಲಿ ಬಿದ್ದ ವಿಮಾನ ಅಲ್ಲ, ನಿಜ. ಆದರೂ ಹಕ್ಕಿ ಹಿಕ್ಕೆ, ಇಲಿ ಮೂತ್ರ, ಬೆವರು ಕೈ, ನಲ್ಲಿ ನೀರು, ಎಲ್ಲದರಲ್ಲೂ ಲೋಹ ಕೊರೆಯುವ ಲವಣಗಳು ಇವೆ.

ಪಾಲಿಶ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಒರಟಾಗುತ್ತೇನೆ, ಬೇಸರ ಬೇಡ. ಆ ಕಾಲದ ವಿಮಾನದ ತಗಡಿನ ಎರಡೂ ಮುಖಕ್ಕೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಹಾಕಿರುತ್ತಾರೆ. ಆಲ್‌ಕ್ಲ್ಯಾಡ್ ಅಂತ ಹೆಸರು. ಶುದ್ಧ ಅಲ್ಯೂಮಿನಿಯಂ ಕೊರೆತವನ್ನು ತಡೆಯುತ್ತದೆ, ಒಳಗಿನ ಮಿಶ್ರಲೋಹ ಬಲ ಕೊಡುತ್ತದೆ. ಒಂದು ಮಿಲಿಮೀಟರ್ ತಗಡಿನಲ್ಲಿ ಆ ಹೊದಿಕೆ ಒಂದು ಮುಖಕ್ಕೆ ಸುಮಾರು 0.05 ಮಿಲಿಮೀಟರ್. ತಲೆಗೂದಲಿಗಿಂತ ತೆಳು. ಕನ್ನಡಿ ಹೊಳಪು ಬರಬೇಕಾದರೆ ಅದನ್ನೇ ತೇಯಬೇಕು, ಬೇರೆ ದಾರಿ ಇಲ್ಲ. ಒಂದು ಸಲ ತೇಯ್ದರೆ ಹೊಳಪು ಆರು ತಿಂಗಳು ಇರಬಹುದು, ಮತ್ತೆ ಮಂಕಾಗುತ್ತದೆ, ಮತ್ತೆ ತೇಯುತ್ತೀರಿ. ಹೊದಿಕೆ ಹೋದ ಮೇಲೆ ತಾಮ್ರ ಬೆರೆತ ಲೋಹ ಬರಿ ಮೈಯಲ್ಲಿ ನಿಲ್ಲುತ್ತದೆ. ಅದೂ ಅಲ್ಲದೆ, ತರಬೇತಿ ಶಾಲೆಯಲ್ಲಿ ದಿನವಿಡೀ ಎದ್ದು ಬಿದ್ದು ಹಾರಿದ ಹಾರ್ವರ್ಡ್ ಯಾವತ್ತೂ ಕನ್ನಡಿಯ ಹಾಗೆ ಇರಲಿಲ್ಲ. ಹಳದಿ ಬಣ್ಣ ಹೊಡೆಯುತ್ತಿದ್ದುದೇ ಒಳಗೆ ಇರುವುದು ಕಲಿಯುವ ಹುಡುಗ, ದೂರದಿಂದಲೇ ಕಾಣಲಿ, ಹುಷಾರಾಗಿರಿ ಅಂತ. ಆ ಕಥೆ ಹೇಳುವ ಬಣ್ಣವನ್ನು ತೆಗೆದು ಹೊಳಪು ತರುವುದು ಯಾಕೆ ಹೇಳಿ?

ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್ ಇದೆ. 1942ರಲ್ಲಿ ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು ಮುಳುಗಿತ್ತು. 1973ರಲ್ಲಿ ಎತ್ತಿದರು. ಅದನ್ನು ಹೊಸದು ಮಾಡಲಿಲ್ಲ. ಹರಿದ ತಗಡು, ಹೋದ ಬಣ್ಣ ಹಾಗೇ ಇಟ್ಟಿದ್ದಾರೆ. ನಿಮ್ಮ ವಿಮಾನವನ್ನು ಹಾಗೆ ಬಿಡಿ ಅಂತ ನಾನು ಹೇಳುತ್ತಿಲ್ಲ, ಅದರ ಹೊತ್ತು ಮೀರಿದೆ. ಇನ್ನು ಮುಂದೆ ತೆಗೆಯುವುದನ್ನು ನಿಲ್ಲಿಸಿ ಅನ್ನುತ್ತಿದ್ದೇನೆ. ಮೆತ್ತನೆ ಕುಂಚ, ಕುಂಚದ ಹಿಂದೆಯೇ ವ್ಯಾಕ್ಯೂಮ್ ಕ್ಲೀನರ್ ಬಾಯಿ, ಇಷ್ಟೇ ವಾರದ ಕೆಲಸ. ದೂಳು ಬರೀ ಕೊಳೆ ಅಲ್ಲ, ಅದು ತೇವವನ್ನು ಹಿಡಿದಿಡುವ ಹೊದಿಕೆ. ವರ್ಷಕ್ಕೊಮ್ಮೆ ಬಣ್ಣದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೀರಾ ತೆಳ್ಳಗೆ ಹಚ್ಚಿದರೆ ಸಾಕು. ಕಾರಿಗೆ ಹಚ್ಚುವ ಪಾಲಿಶ್ ಬೇಡ, ಅದರಲ್ಲಿ ತೇಯುವ ಪುಡಿ ಇರುತ್ತದೆ.

ಇನ್ನು ಎಂಜಿನ್. ತಂಡದವರ ಆಸೆ ನನಗೆ ಅರ್ಥವಾಗುತ್ತದೆ. ಪ್ರಾಟ್ ಅಂಡ್ ವಿಟ್ನಿ ವಾಸ್ಪ್, ಒಂಬತ್ತು ಸಿಲಿಂಡರ್, 600 ಅಶ್ವಶಕ್ತಿ. ಹಾರ್ವರ್ಡ್ ಮೇಲೆದ್ದಾಗ ಬರುವ ಆ ಕರ್ಕಶ ಗರ್ಜನೆ ಕೇಳಿದವರು ಮರೆಯುವುದಿಲ್ಲ. ಆ ಸದ್ದು ಎಂಜಿನ್ನಿನದು ಅಂತ ಜನ ತಿಳಿದಿರುತ್ತಾರೆ. ಜಾಸ್ತಿ ಪಾಲು ಪ್ರೊಪೆಲ್ಲರ್‌ನದು. ನಡುವೆ ವೇಗ ಇಳಿಸುವ ಗೇರ್ ಇಲ್ಲ. ಸುಮಾರು 2.7 ಮೀಟರ್ ಅಗಲದ ಪ್ರೊಪೆಲ್ಲರ್ ನಿಮಿಷಕ್ಕೆ 2,250 ಸುತ್ತು ಸುತ್ತಿದರೆ ಅದರ ತುದಿ ಸೆಕೆಂಡಿಗೆ 320 ಮೀಟರ್ ಓಡುತ್ತದೆ. ವಿಮಾನದ ಮುಂದೋಟವೂ ಸೇರಿದರೆ ಶಬ್ದದ ವೇಗಕ್ಕೆ ತೀರಾ ಹತ್ತಿರ ಹೋಗುತ್ತದೆ. ಹಾಗಾಗಿ ನೆಲದ ಮೇಲೆ ಐದು ನಿಮಿಷ ಸುಮ್ನೆ ಗುರುಗುಟ್ಟಿಸಿದರೆ ನಿಮಗೆ ಆ ಸದ್ದು ಸಿಗುವುದೇ ಇಲ್ಲ. ಎಲ್ಲಾದರೂ ಹಾರುತ್ತಿರುವ ಹಾರ್ವರ್ಡ್‌ನ ಸದ್ದು ರೆಕಾರ್ಡ್ ಮಾಡಿ ಸ್ಪೀಕರ್‌ನಲ್ಲಿ ಕೇಳಿಸಿ.

ತಿಂಗಳಿಗೊಮ್ಮೆ ಚಾಲೂ ಮಾಡಿದರೆ ಎಂಜಿನ್ ಉಳಿಯುತ್ತದೆ ಅನ್ನುವುದು ಕಾರಿನಿಂದ ಬಂದ ನಂಬಿಕೆ. ಕಾರಿಗೂ ಅದು ಪೂರ್ತಿ ನಿಜವಲ್ಲ, ಅಲ್ವಾ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಹೆಚ್ಚಿನದು ಆವಿಯಾಗಿ ಹೊರಗೆ ಹೋಗುತ್ತದೆ, ಸ್ವಲ್ಪ ಎಣ್ಣೆಗೆ ಸೇರುತ್ತದೆ. ಎಂಜಿನ್ ಅರ್ಧ ಗಂಟೆ ಚೆನ್ನಾಗಿ ಬಿಸಿಯಾಗಿ ಹಾರಿದರೆ ಎಣ್ಣೆಯ ನೀರು ಆರಿಹೋಗುತ್ತದೆ. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ನೀರು ಒಳಗೇ ಉಳಿಯುತ್ತದೆ. ಅದರ ಜೊತೆ ವಿಮಾನದ ಪೆಟ್ರೋಲಿನಲ್ಲಿ ಸೀಸ ಇರುತ್ತದೆ. ಸೀಸ ಸಿಲಿಂಡರ್‌ನಲ್ಲಿ ಅಂಟದಿರಲಿ ಅಂತ ಬ್ರೋಮಿನ್ ಇರುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಅದರ ಉಳಿಕೆ ನೀರಿನ ಜೊತೆ ಸೇರಿ ಆಮ್ಲವಾಗಿ ಸಿಲಿಂಡರ್ ಗೋಡೆ, ವಾಲ್ವು ಎಲ್ಲವನ್ನೂ ತಿನ್ನುತ್ತದೆ. ಅಂದರೆ ಉಳಿಸಲು ಮಾಡಿದ ಕೆಲಸವೇ ತುಕ್ಕು ಬಿತ್ತುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟುಕೊಂಡು, ಬಟ್ಟೆ ಹೊದ್ದ ಬಾಲದ ವಿಮಾನವನ್ನು ಸಭಾಂಗಣದಲ್ಲಿ ನಿಲ್ಲಿಸುವ ಬೆಂಕಿಯ ಭಯ ಬೇರೆ.

ಹಾಗಾದರೆ ಏನು ಮಾಡಬೇಕು? ಒಂದು ಸಲ ಗಟ್ಟಿ ನಿರ್ಧಾರ ಮಾಡಿ: ಇದು ಓಡುವ ಎಂಜಿನ್ನೋ, ಉಳಿಯುವ ಎಂಜಿನ್ನೋ. ಉಳಿಯಬೇಕು ಅಂದರೆ ಇಂಧನವನ್ನು ಪೂರ್ತಿ ಇಳಿಸಿ, ಟ್ಯಾಂಕಿನ ಆವಿಯನ್ನೂ ತೆಗೆಸಿ. ಹಳೆ ಎಣ್ಣೆ ಇಳಿಸಿ, ತುಕ್ಕು ತಡೆಯುವ ಸಂರಕ್ಷಣೆ ಎಣ್ಣೆ ಹಾಕಿ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರ್‌ಗೂ ಅದೇ ಎಣ್ಣೆ ಸಿಂಪಡಿಸಿ. ಪ್ಲಗ್ ಜಾಗಕ್ಕೆ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಬಿರಡೆಗಳನ್ನು ಹಾಕಿ. ಒಳಗೆ ತೇವ ಸೇರಿದರೆ ಜೆಲ್ ಬಣ್ಣ ಬದಲಾಯಿಸಿ ನಿಮಗೆ ಹೇಳುತ್ತದೆ. ಹೊಗೆ ಕೊಳವೆಯ ಬಾಯಿ, ಗಾಳಿ ಸೇದುವ ಬಾಯಿ ಎರಡನ್ನೂ ಮುಚ್ಚಿ. ಇಷ್ಟಾದರೆ ಎಂಜಿನ್ ವರ್ಷಗಟ್ಟಲೆ ಕೂತಿರುತ್ತದೆ.

ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುತ್ತಾ ಇರಬೇಕಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಬೇಡ. ಎಣ್ಣೆ ಇಳಿದುಹೋದ ಒಣ ಸಿಲಿಂಡರ್‌ನಲ್ಲಿ ಪಿಸ್ಟನ್ ಎಳೆದಾಡಿದರೆ ಗೀರು ಬೀಳುತ್ತದೆ. ಇನ್ನೊಂದು ಅಪಾಯ ಇದೆ. ಸಿಲಿಂಡರ್‌ಗಳನ್ನು ಸುತ್ತಲೂ ಜೋಡಿಸಿದ ಇಂಥ ಎಂಜಿನ್‌ನಲ್ಲಿ ಕೆಳಗಿನವು ತಲೆಕೆಳಗಾಗಿ ನಿಂತಿರುತ್ತವೆ. ಎಣ್ಣೆ ನಿಧಾನವಾಗಿ ಅಲ್ಲಿಗೆ ಇಳಿದು ತುಂಬುತ್ತದೆ. ಎಣ್ಣೆಯನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಜೋರಾಗಿ ತಿರುಗಿಸಿದರೆ ಪಿಸ್ಟನ್ನಿನ ಕೈಯೇ ಬಾಗುತ್ತದೆ. ಮೂರನೆಯದು ನಿಜವಾಗಿ ಭಯ ಹುಟ್ಟಿಸುವಂಥದ್ದು. ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಎಂಬ ಭಾಗ, ಪ್ರೊಪೆಲ್ಲರ್ ತಿರುಗಿದರೆ ಸಾಕು, ಬ್ಯಾಟರಿ ಇಲ್ಲದೆಯೇ ಕಿಡಿ ಹೊಡೆಯುತ್ತದೆ. ಅದನ್ನು ಬಂದ್ ಮಾಡುವ ತಂತಿ ತುಂಡಾಗಿದ್ದರೆ, ಸಿಲಿಂಡರ್‌ನಲ್ಲಿ ಸ್ವಲ್ಪ ಆವಿ ಇದ್ದರೆ, ಪ್ರೊಪೆಲ್ಲರ್ ಹಿಡಿದು ಫೋಟೊಗೆ ನಿಂತವರ ಕೈ ಹೋಗಬಹುದು. ಇಂಧನ ಇಳಿಸಿ ಪ್ಲಗ್ ತೆಗೆದರೆ ಈ ಭಯ ಹೋಗುತ್ತದೆ. ಆದರೂ ಪ್ರೊಪೆಲ್ಲರ್‌ಗೆ ಜನರ ಕೈ ಎಟುಕದ ಹಾಗೆ ಹಗ್ಗ ಕಟ್ಟಿ.

ಎಣ್ಣೆ ತೊಟ್ಟಿಕ್ಕುವುದು ರೋಗ ಅಲ್ಲ. ಈ ಎಂಜಿನ್ನುಗಳು ಹುಟ್ಟಿದಾಗಿನಿಂದ ತೊಟ್ಟಿಕ್ಕುತ್ತವೆ. ಕೆಳಗೊಂದು ತಟ್ಟೆ ಇಡಿ. ದಿನಾ ಬೀಳುವುದು ಎಷ್ಟು ಅಂತ ನೋಡಿ, ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮಾತ್ರ ಹುಡುಕಿ. ಟೈರಿನ ಮೇಲೆ ಬೀಳದಂತೆ ನೋಡಿಕೊಳ್ಳಿ, ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಟೈರ್ ಬಿರುಕು ಬಿಡಲು ಕಾರಣ ಓಜೋನ್, ಬೆಳಕು, ಮತ್ತು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಹೊತ್ತ ಭಾರ. ಖಾಲಿ ಹಾರ್ವರ್ಡ್ ಸುಮಾರು 1,900 ಕಿಲೊ ತೂಗುತ್ತದೆ. ಭಾರವನ್ನು ಟೈರಿನಿಂದ ಇಳಿಸುವುದೇ ಮದ್ದು. ವಿಮಾನದ ಕೈಪಿಡಿಯಲ್ಲಿ ಜಾಕ್ ಕೊಡುವ ಜಾಗ ಗುರುತಿಸಿರುತ್ತಾರೆ. ಅಲ್ಲಿಗೆ ಶಾಶ್ವತ ಊರುಗೋಲು ಕೊಟ್ಟು, ಟೈರು ನೆಲವನ್ನು ಬರೀ ಮುಟ್ಟುವ ಹಾಗೆ ಬಿಡಿ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಕೈಪಿಡಿ ಹೇಳಿದ ಜಾಗ ಬಿಟ್ಟು ಬೇರೆ ಕಡೆ ಕೊಡಬೇಡಿ. ಒಂದು ಕಡೆ ಜಾಕ್ ಒಂದು ಗೇಣು ಪಕ್ಕಕ್ಕೆ ಸರಿದು ರೆಕ್ಕೆಯ ತಗಡನ್ನು ಕಾಗದದ ಹಾಗೆ ತೂರಿ ಹೋದದ್ದು ನೋಡಿದ್ದೇನೆ. ಎತ್ತುವ ಮುಂಚೆ ಬಾಲವನ್ನು ನೆಲಕ್ಕೆ ಕಟ್ಟುವುದನ್ನೂ ಮರೆಯಬೇಡಿ. ಮೂಗು ಭಾರವಾದ ವಿಮಾನ ಮುಗ್ಗರಿಸಿದರೆ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಬಿರುಕು ಬಿಟ್ಟ ಟೈರಿಗೆ ಪೂರ್ತಿ ಗಾಳಿ ತುಂಬಬೇಡಿ, ಆಕಾರ ಉಳಿಯುವಷ್ಟು ಸಾಕು. ಎರಡು ಹೋಳಾಗಿ ಬಿಚ್ಚುವ ಚಕ್ರವಾದರೆ ಗಾಳಿ ಪೂರ್ತಿ ಬಿಡದೆ ಬೋಲ್ಟ್ ಮುಟ್ಟಲೇಬೇಡಿ.

ಈಗ ಮಕ್ಕಳು ಮತ್ತು ಕಾಕ್‌ಪಿಟ್. ಸೀಟು ಹರಿಯುತ್ತದೆ, ಸ್ವಿಚ್ ಮುರಿಯುತ್ತದೆ ಅನ್ನುವುದು ಇರಲಿ. ನನಗೆ ಚಿಂತೆ ಗಡಿಯಾರದಂಥ ಆ ಮೀಟರ್‌ಗಳದ್ದು. ರಾತ್ರಿ ಹೊಳೆಯಲಿ ಅಂತ ಅವುಗಳ ಮುಳ್ಳು ಮತ್ತು ಅಂಕಿಗಳಿಗೆ ಆಗ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಈಗ ಅದು ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಅಂತ ತಿಳಿಯುತ್ತಾರೆ. ಹೊಳೆಯುತ್ತಿದ್ದುದು ಜೊತೆಗಿದ್ದ ಸತುವಿನ ಸಲ್ಫೈಡ್, ಸುಸ್ತಾದದ್ದು ಅದು. ರೇಡಿಯಂ 226ರ ಅರ್ಧಾಯುಷ್ಯ 1,600 ವರ್ಷ. ಅದರ ಲೆಕ್ಕದಲ್ಲಿ ಯುದ್ಧ ಮುಗಿದದ್ದು ನಿನ್ನೆ. ಮೀಟರಿನ ಗಾಜು ಗಟ್ಟಿ ಇದ್ದರೆ ದೂರ ನಿಂತು ನೋಡುವವರಿಗೆ ತೊಂದರೆ ತೀರಾ ಕಡಿಮೆ. ಗಾಜು ಒಡೆದು ಬಣ್ಣದ ಪುಡಿ ಉದುರಿ, ಅದು ಉಸಿರಿನಲ್ಲೋ ಬಾಯಿಗೋ ಹೋಗುವುದು ಅಪಾಯ. ಜೊತೆಗೆ ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ, ಮುಚ್ಚಿದ ಕಾಕ್‌ಪಿಟ್‌ನಲ್ಲಿ ಸೇರುತ್ತದೆ. ಗೈಗರ್ ಕೌಂಟರ್ ಇರುವವರನ್ನು ಕರೆಸಿ ಪ್ರತಿ ಮೀಟರ್ ಅಳೆಸಿ. ಕೆಲಸಕ್ಕೆ ಒಳಗೆ ಇಳಿಯುವ ಮುಂಚೆ ಮುಚ್ಚಳ ತೆರೆದು ಗಾಳಿ ಆಡಲು ಬಿಡಿ. ಯಾವ ಮೀಟರನ್ನೂ ಬಿಚ್ಚಬೇಡಿ, ಎಷ್ಟೇ ಕುತೂಹಲ ಇದ್ದರೂ. ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ಒಂದು ಪಟ್ಟಿ ಕೊಟ್ಟಿಡಿ. ಬ್ರೇಕ್ ಪಟ್ಟಿ, ಹೊಗೆ ಕೊಳವೆಗೆ ಸುತ್ತಿದ ಪಟ್ಟಿಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದನ್ನೂ ಕೆದಕಬೇಡಿ.

ಮಕ್ಕಳ ಆಸೆಗೆ ಮರದಲ್ಲಿ ಒಂದು ನಕಲಿ ಕಾಕ್‌ಪಿಟ್ ಮಾಡಿ. ಕೋಲು ಅಲುಗಾಡಲಿ, ಪೆಡಲ್ ಒತ್ತಲು ಆಗಲಿ. ನಿಜವಾದ ವಿಮಾನದ ಪಕ್ಕ ಒಂದು ಎತ್ತರದ ಮೆಟ್ಟಿಲು ಕಟ್ಟಿ, ಇಣುಕಿ ನೋಡಲಿ. ಮಕ್ಕಳು ನಕಲಿಯಲ್ಲೇ ಜಾಸ್ತಿ ಹೊತ್ತು ಕೂರುತ್ತಾರೆ, ಯಾಕೆಂದರೆ ಅಲ್ಲಿ ಮುಟ್ಟಬೇಡ ಅನ್ನುವವರು ಇರುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹಾರ್ವರ್ಡ್‌ನ ಚುಕ್ಕಾಣಿ, ಬಾಲದ ಎಲಿವೇಟರ್, ರೆಕ್ಕೆಯ ಏಲೆರಾನ್ ಎಂಬ ಅಲುಗುವ ಭಾಗಗಳಿಗೆ ಬಟ್ಟೆ ಹೊದಿಸಿರುತ್ತಾರೆ, ಮೇಲೆ ಡೋಪ್ ಎಂಬ ಬಿಗಿ ಮಾಡುವ ದ್ರವ. ಬಟ್ಟೆಗೆ ಬಿಸಿಲೇ ಯಮ. ಕಿಟಕಿಯ ಗಾಜಿಗೆ ನೇರಳಾತೀತ ಕಿರಣ ತಡೆಯುವ ಹಾಳೆ ಅಂಟಿಸಿ, ಬೆಳಕು 150ರಿಂದ 200 ಲಕ್ಸ್ ಮೀರದಿರಲಿ, ಜನ ಇಲ್ಲದಾಗ ಆರಿಸಿ. ಬಟ್ಟೆಗೆ ಮೇಣ ಬೇಡ, ಬೆರಳಿನಿಂದ ಒತ್ತಿ ನೋಡುವುದೂ ಬೇಡ. ಕಾಕ್‌ಪಿಟ್ ಮುಚ್ಚಳದ ಪಾರದರ್ಶಕ ಹಾಳೆ ಗಾಜಲ್ಲ, ಅಕ್ರಿಲಿಕ್. ಮನೆಯ ಗಾಜು ಒರೆಸುವ ದ್ರವದಲ್ಲಿ ಅಮೋನಿಯಾ ಅಥವಾ ಆಲ್ಕೊಹಾಲ್ ಇರುತ್ತದೆ. ಅದು ತಾಗಿದರೆ ಜೇಡರ ಬಲೆಯಂಥ ಕೂದಲೆಳೆ ಬಿರುಕು ಬರುತ್ತದೆ, ಹೋಗುವುದಿಲ್ಲ. ನೀರು, ಒಂದು ಹನಿ ಮೃದು ಸೋಪು, ಮೆತ್ತನೆ ಹತ್ತಿ ಬಟ್ಟೆ, ಇಷ್ಟೇ. ವೇಗ ಅಳೆಯುವ ಪಿಟಾಟ್ ಕೊಳವೆಗೆ ಟೋಪಿ ಹಾಕಿ, ಇಲ್ಲದಿದ್ದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ.

ನಿಮ್ಮದು ಹಾರ್ವರ್ಡ್ ಆದದ್ದು ಒಂದು ರೀತಿ ಅದೃಷ್ಟ. ಟೈಗರ್ ಮಾತ್ ಎಂಬ ಇನ್ನೊಂದು ಹಳೆ ತರಬೇತಿ ವಿಮಾನ ಆಗಿದ್ದರೆ ರೆಕ್ಕೆಯೊಳಗೆ ಬಹುಪಾಲು ಮರ. ಆಗ ತೇವಾಂಶ ಇಳಿಸಲೂ ಹೆದರಬೇಕು. ಮರ ಕುಗ್ಗಿದರೆ ಅಂಟು ಬಿಡುತ್ತದೆ, ತೇವ ಹೀರಿ ಹಿಗ್ಗಿದರೆ ಹಾಲಿನಿಂದ ಮಾಡಿದ ಹಳೆ ಕೇಸೀನ್ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಮರದ ಪ್ರೊಪೆಲ್ಲರ್ ಇದ್ದರೆ ಅದನ್ನು ಅಡ್ಡಲಾಗಿಯೇ ನಿಲ್ಲಿಸಬೇಕು, ನೆಟ್ಟಗೆ ನಿಲ್ಲಿಸಿದರೆ ತೇವ ಕೆಳಗಿನ ಅಲಗಿಗೆ ಇಳಿಯುತ್ತದೆ. ಆಮೇಲಿನ ಕಾಲದ ಎಷ್ಟೋ ಜೆಟ್ ತರಬೇತಿ ವಿಮಾನಗಳಲ್ಲಿ, ಅಪಾಯದಲ್ಲಿ ಪೈಲಟ್‌ನನ್ನು ಸೀಟಿನ ಸಮೇತ ಹೊರಗೆ ಎಸೆಯಲು ಸೀಟಿಗೇ ಸಿಡಿಮದ್ದು ಜೋಡಿಸಿರುತ್ತದೆ. ಅಂಥದ್ದು ನಿಮ್ಮ ಮ್ಯೂಸಿಯಂಗೆ ಬಂದರೆ, ಸೀಟು ನಿಷ್ಕ್ರಿಯ ಮಾಡಿದ ಲಿಖಿತ ಪತ್ರ ಕೈಗೆ ಬರುವ ತನಕ ಯಾರನ್ನೂ ಹತ್ತಿರ ಬಿಡಬೇಡಿ.

ಕೊನೆಗೆ ಈ ವಾರ ಮಾಡಬೇಕಾದ ಕೆಲಸ. ಹಾರುತ್ತಿದ್ದಾಗ ಈ ವಿಮಾನಕ್ಕೆ ಒಂದು ಲಾಗ್ ಪುಸ್ತಕ ಇತ್ತು. ಈಗ ಇನ್ನೊಂದು ತೆರೆಯಿರಿ. ಆರು ವರ್ಷದ ರಿಪೇರಿಯಲ್ಲಿ ಯಾವ ತಗಡು ಹೊಸದು, ಯಾವುದು ಹಳೆಯದು, ಯಾವ ಭಾಗ ಬೇರೆ ವಿಮಾನದಿಂದ ಬಂತು ಅಂತ ನೆನಪಿರುವವರು ತಂಡದಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿ ಬರೆಸಿ. ಆಮೇಲೆ ಗುಳ್ಳೆ ಎದ್ದ ಜಾಗದ ಮೇಲೆ ಒಂದು ಪಾರದರ್ಶಕ ಹಾಳೆ ಇಟ್ಟು, ರಿವೆಟ್ ತಲೆಗಳನ್ನೂ ಪ್ರತಿ ಗುಳ್ಳೆಯ ಅಂಚನ್ನೂ ಪೆನ್ನಿನಿಂದ ಹಾಳೆಯ ಮೇಲೆ ಗುರುತಿಸಿ, ತಾರೀಕು ಹಾಕಿ. ಡಿಹ್ಯುಮಿಡಿಫೈಯರ್ ಶುರು ಮಾಡಿ ಮೂರು ತಿಂಗಳು ಬಿಟ್ಟು ಅದೇ ಹಾಳೆಯನ್ನು ಅದೇ ರಿವೆಟ್‌ಗಳಿಗೆ ಸರಿಯಾಗಿ ಇಟ್ಟು ನೋಡಿ. ಗುಳ್ಳೆ ಗೆರೆಯ ಒಳಗೇ ಇದ್ದರೆ ಒಂದೊಂದಾಗಿ ನಿಧಾನಕ್ಕೆ ಸರಿ ಮಾಡಿಕೊಳ್ಳಿ. ಗೆರೆ ದಾಟಿದ್ದರೆ ಆ ಹಾಳೆಯ ಫೋಟೊ ಮತ್ತು ಲಾಗರ್ ದಾಖಲೆ ಎರಡನ್ನೂ ಕಳಿಸಿ. ಯಾವ ರಿವೆಟ್ ಮೊದಲು ತೆಗೆಯಬೇಕು ಅಂತ ಆಗ ನೋಡೋಣ.